ಚಿನ್ನಪ್ಪ ಹಾಕಿದ ಆಣೆ

ಕಗ್ಗದಾಸಪುರದ ಕೆಂಪರಾಜನ ಪಿಕಪ್ಪಿಗೆ ವಾರಂಟಿ ಮುಗಿಯಲು ಇನ್ನೂ ಹತ್ತು ತಿಂಗಳಿತ್ತು. ಇಂಜಿನ್ ಮಾತ್ರ ಅಷ್ಟು ದಿನ ಕಾಯಲಿಲ್ಲ. ಟೈಲ್ಸ್ ಹೊತ್ತು ಟಿನ್ ಫ್ಯಾಕ್ಟರಿ ಬಸ್‌ಸ್ಟಾಪ್ ದಾಟುತ್ತಿದ್ದಾಗ ಕಪ್ಪು ಹೊಗೆ ಉಗುಳಿ, ಟರ್ಬೊ ಸಮೇತ ಕೈಕೊಟ್ಟಿತು.

ಕಾರಣ ಕೆಂಪರಾಜನಿಗೆ ಗೊತ್ತಿತ್ತು. ಲೋಡ್ ಹಾಕಿದರೆ ಗಾಡಿ ಮೇಲುಸೇತುವೆ ಹತ್ತಲು ತಿಣುಕುತ್ತದೆ ಎಂದು ಮೂರು ತಿಂಗಳ ಹಿಂದೆ, ಡ್ರೈವರ್ ಚಿನ್ನಪ್ಪ ರಜೆಯಲ್ಲಿದ್ದ ದಿನ ನೋಡಿ, ಶಿವಾಜಿನಗರದ ಮೆಕ್ಯಾನಿಕ್ ಜೀಶಾನನ ಬಳಿ ಒಯ್ದಿದ್ದ. ಜೀಶಾನ್ ಸ್ಪ್ಯಾನರ್ ಮುಟ್ಟಲಿಲ್ಲ; ಲ್ಯಾಪ್‌ಟಾಪಿನ ವೈರು ಸಿಕ್ಕಿಸಿ, ಇಂಜಿನ್ನಿಗೆ ಎಷ್ಟು ಡೀಸೆಲ್ ಬಿಡಬೇಕೆಂದು ಹೇಳುವ ಪ್ರೋಗ್ರಾಮನ್ನೇ ತಿದ್ದಿ ಬರೆದ. ಗಾಡಿ ಹಾರತೊಡಗಿತು. ಚಿನ್ನಪ್ಪನಿಗೆ ಹೇಳಿದ್ದರೆ ಅವನು ಖಂಡಿತ ಬಿಡುತ್ತಿರಲಿಲ್ಲ. ಎಂಟು ವರ್ಷದಿಂದ ಜೊತೆಗಿದ್ದವನು, ಗಾಡಿ ವಿಷಯದಲ್ಲಿ ಯಜಮಾನನಿಗೇ ಯಜಮಾನ. ಗಾಡಿ ಚುರುಕಾದದ್ದು ತಾನು ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿದ್ದಕ್ಕೇ ಎಂದು ಆ ಪುಣ್ಯಾತ್ಮ ಸ್ಟ್ಯಾಂಡಿನಲ್ಲೆಲ್ಲ ಹೇಳಿಕೊಂಡು ಬಂದ.

ಇಂಜಿನ್ ಹೋದ ದಿನವೇ, ಚಿನ್ನಪ್ಪ ಊಟಕ್ಕೆ ಹೋದಾಗ, ಜೀಶಾನ್ ಬಂದು ಹಳೆಯ ಪ್ರೋಗ್ರಾಮನ್ನು ಮತ್ತೆ ಹಾಕಿಕೊಟ್ಟ. "ಭಾಯ್, ಈಗ ಕಂಪನಿಯಿಂದ ಬಂದಂಗೇ ಐತೆ. ಯಾರಿಗೂ ಗೊತ್ತಾಗಲ್ಲ" ಎಂದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದೆಂದರೆ ಇದೇ.

ಮರುದಿನ ಕೆ.ಆರ್. ಪುರದ ಸರ್ವಿಸ್ ಸೆಂಟರಿನಲ್ಲಿ ವಾರಂಟಿ ನೋಡಿಕೊಳ್ಳುವ ಶ್ವೇತ ಸ್ಕ್ರೀನನ್ನು ಕೆಂಪರಾಜ, ಚಿನ್ನಪ್ಪ ಇಬ್ಬರ ಕಡೆಗೂ ತಿರುಗಿಸಿದಳು. "ಸರ್, ಪ್ರೋಗ್ರಾಂ ಒರಿಜಿನಲ್ಲೇ ಇದೆ. ಆದ್ರೆ ಎಷ್ಟು ಸಲ ಬರ್ದಿದಾರೆ ಅನ್ನೋದನ್ನ ಗಾಡಿ ಎಣಿಸ್ಕೊಳ್ಳುತ್ತೆ. ಹೊರಗಡೆ ಎರಡು ಸಲ ಬರ್ದಿದಾರೆ. ಒಂದು ಹಾಕೋಕೆ, ಒಂದು ತೆಗಿಯೋಕೆ. ಹಿಂಗಾದ್ರೆ ವಾರಂಟಿ ಸಿಗಲ್ಲ."

ಮುಚ್ಚಿಡಲು ಮಾಡಿದ ಕೆಲಸವೇ ಎರಡನೆಯ ಸಾಕ್ಷಿಯಾಗಿ ಕೂತಿತ್ತು.

ಶ್ವೇತ ಚಿನ್ನಪ್ಪನತ್ತ ನೋಡಿದಳು. ಅವಳದೇನೂ ತಪ್ಪಿಲ್ಲ, ಇಂಥವನ್ನು ದಿನಾ ನೋಡುವವಳು. "ಓನರ್‌ಗೆ ಗೊತ್ತಿಲ್ದೆ ಡ್ರೈವರ್ ಮಾಡ್ಸಿದ್ದು ಅಂತ ಇಬ್ರೂ ಬರ್ಕೊಟ್ರೆ, ಹೆಡ್ಡಾಫೀಸಲ್ಲಿ ರಿಪೇರಿ ಖರ್ಚಿನ ಅರ್ಧ ಆದ್ರೂ ಕೊಡಬಹುದು. ಕೇಳಿ ನೋಡ್ತೀನಿ."

ಕೆಂಪರಾಜನಿಗೆ ಆಸೆ ಹುಟ್ಟಿತು. ನಾಚಿಕೆಗೆಟ್ಟ ಆಸೆ. ಚಿನ್ನಪ್ಪನಿಗೆ ಆಮೇಲೆ ಸಮಾಧಾನ ಹೇಳಿದರಾಯಿತು, ಸಂಬಳ ಹೆಚ್ಚಿಸಿದರಾಯಿತು ಎಂದು ಮನಸ್ಸು ಆಗಲೇ ತಿಪ್ಪೆ ಸಾರಿಸತೊಡಗಿತ್ತು.

ಚಿನ್ನಪ್ಪ ಎದ್ದು ನಿಂತ. "ಮೇಡಂ, ಈ ಗಾಡೀನ ಹೊರಗಡೆ ಯಾರೂ ಮುಟ್ಟಿಲ್ಲ. ನಾನಿಲ್ದೆ ಬಾನೆಟ್ ಕೂಡ ಎತ್ತಿಲ್ಲ. ನನ್ನ ಮಗಳು ಮೋನಿಷಾ ಮೇಲೆ ಆಣೆ." ಆ ಮಗು ಎದುರಿಗೇ ನಿಂತಿದೆಯೇನೋ ಎಂಬಂತೆ, ಅವಳ ತಲೆಯೆತ್ತರಕ್ಕೆ ಗಾಳಿಯಲ್ಲಿ ಅಂಗೈ ಇಟ್ಟಿದ್ದ.

ಸುಳ್ಳಾಣೆ ಯಾರ ಮೇಲೆ ಹಾಕಿದರೋ ಅವರಿಗೇ ತಟ್ಟುತ್ತದೆ ಎಂಬುದನ್ನು ಹಳ್ಳಿಗಳಲ್ಲಿ ಹುಟ್ಟಿದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕೆಂಪರಾಜ ಆ ಅಂಗೈಯನ್ನು ಹಿಡಿದು ಕೆಳಗಿಳಿಸಿದ. "ಆಣೆ ವಾಪಸ್ ತಗೋ ಚಿನ್ನಪ್ಪ" ಎಂದ. "ನಾನೇ ಮಾಡ್ಸಿದ್ದು. ಮೇಡಂ, ವಾರಂಟಿ ಬೇಡ. ನಾನೇ ಅಂತ ಬರ್ಕೊಳ್ಳಿ."

ಚಿನ್ನಪ್ಪ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ನಾನು ಆಣೆ ಹಾಕೋವರ್ಗೂ ಸುಮ್ನಿದ್ರಾ ಅಣ್ಣ?" ಎಂದಷ್ಟೇ ಕೇಳಿದ.

ಆಮೇಲೆ ಗಾಜಿನ ಬಾಗಿಲು ತಳ್ಳಿಕೊಂಡು ಹೊರಗೆ ಹೋಗಿ, ಹೆಂಡತಿಗೆ ಫೋನ್ ಮಾಡಿದ. "ಪಾಪು ಸ್ಕೂಲಿಂದ ಬಂದ್ಲಾ? ನೀನು ಹೇಳೋದು ಬೇಡ, ಅವಳ ಕೈಗೆ ಕೊಡು. ಅವಳೇ ಮಾತಾಡ್ಲಿ."