ಹದಿಮೂರು ತಿಂಗಳ ಬಸುರು

"ಹದಿಮೂರು ತಿಂಗಳು! ನಮ್ಮಜ್ಜನ ಕತ್ತೆ ಹನ್ನೆರಡಕ್ಕೆ ಈಯ್ತಿತ್ತು. ನೀನೇನು ಕತ್ತೆಗಿಂತ ಕಡೇನೇನೆ? ಹೆರೇ, ದರಿದ್ರದವಳೆ! ಇಲ್ಲಾಂದ್ರೆ ಇಷ್ಟು ದಿನ ತಿಂದ ಮೊಟ್ಟೆಗಳ್ನೆಲ್ಲಾ ಕಕ್ಕು!"

ನಿರಾಶ್ರಿತರ ಕ್ಯಾಂಪಿನ ಉಗ್ರಾಣದ ಕಿಟಕಿಯೊಳಗಿಂದ ಪ್ರೊಕೋಪಿಸ್ ಸಾಹೇಬರು ಹೀಗೆ ಕೂಗುವಾಗ ತಣ್ಣನೆ ಕಾಫಿಯ ನೊರೆ ಅವರ ಮೀಸೆಗೆ ಅಂಟಿಕೊಂಡಿತ್ತು. ಹೊರಗೆ ನಿಂತು ಬೈಸಿಕೊಳ್ಳುತ್ತಿದ್ದವಳು ನೇಕ್‌ಬಖ್ತ್. ನಾವೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುವ ಮೂವತ್ತೆಂಟರ ವಿಧವೆ. ಬೈಗುಳವನ್ನು ಗ್ರೀಕಿನಿಂದ ನಮ್ಮ ಮಾತಿಗೆ ತಂದುಕೊಡುತ್ತಿದ್ದವಳು ನಾನು, ಮಾಸುಮಾ. ಹೆರಾತಿನ ಕಾಲೇಜಿನಲ್ಲಿ ಎರಡು ವರ್ಷ ಓದಿದವಳು, ಈ ಸಾಲಿನಲ್ಲಿ ನಿಂತೇ ಗ್ರೀಕ್ ಕಲಿತವಳು, ಸಂಬಳವಿಲ್ಲದ ದುಭಾಷಿ. ಮೀಸೆಯ ನೊರೆಯೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಸಾಹೇಬರದೇ ದನಿಯಲ್ಲಿ ಅನುವಾದಿಸಿದೆ. ಸಾಲಿನಲ್ಲಿದ್ದವರು ಕಿಸಕ್ಕೆಂದರು.

"ಇನ್ನೊಂದ್ಸಲ ಹೇಳು, ಏನಂದ?" ಎಂದಳು ಖಾಲಾ.

"ಕತ್ತೆ ನಿನಗಿಂತ ಜೋರಂತೆ."

"ಆ ಕತ್ತೇನ ತಂದು ಈ ಬೇಲಿಯೊಳಗೆ ಕಟ್ಟು ಅನ್ನು. ಆಮೇಲೆ ನೋಡೋಣ, ಎಷ್ಟು ತಿಂಗಳಿಗೆ ಈಯ್ತದೆ ಅಂತ."

ಅದನ್ನು ಮಾತ್ರ ನಾನು ಅನುವಾದಿಸಲಿಲ್ಲ.

ನನ್ನ ಮಾತಿನಲ್ಲಿ ಅರ್ಧ ಅಣಕ ಎಂದು ಕ್ಯಾಂಪಿಗೆಲ್ಲ ಗೊತ್ತು. ಆದರೆ ಇದು ನಡೆದದ್ದು ನಡೆದ ಹಾಗೆ. ಬೇಕಿದ್ದರೆ ಉಗ್ರಾಣದ ರಿಜಿಸ್ಟರು ತೆರೆಸಿ ನೋಡಿ, ಮೊಹರಿದೆ.

ಖಾಲಾ ದೋಣಿಯಿಂದ ಗ್ರೀಕರ ಈ ದ್ವೀಪದಲ್ಲಿ ಇಳಿದ ದಿನ ಗುಮಾಸ್ತನೊಬ್ಬ ಕೇಳಿದ: ಕೊನೆಯ ಸಲ ಮುಟ್ಟಾದದ್ದು ಯಾವಾಗ? ನಾಲ್ಕು ತಿಂಗಳ ಹಿಂದೆ, ಗಡಿಯ ಬೆಟ್ಟ ಹತ್ತುವಾಗ, ಎಂದಳು. ಅವನು ಬರೆದ: ಬಸುರಿ, ನಾಲ್ಕು ತಿಂಗಳು. ಗಂಡ ತೀರಿ ಮೂರು ವರ್ಷವಾಯಿತೆಂದಳು. ಅದಕ್ಕೆ ಕಾಲಂ ಇಲ್ಲವೆಂದ.

ಬಸುರಿಯಾದ್ದರಿಂದ ದಿನಕ್ಕೊಂದು ಮೊಟ್ಟೆ ಬಂತು. ಅದಕ್ಕಿಂತ ಮುಖ್ಯವಾಗಿ, ದ್ವೀಪದಿಂದ ಅಥೆನ್ಸಿಗೆ ಕಳಿಸುವ 'ದುರ್ಬಲರ ಪಟ್ಟಿ'ಯಲ್ಲಿ ಹೆಸರು ಬಂತು. ಅಥೆನ್ಸಿನಲ್ಲಿ ಖಾಲಾಳ ಮಗಳು ಶುಗೂಫಾ ಇದ್ದಳು. ಎಂಟು ವರ್ಷ. ದೋಣಿಯಿಂದ ಎತ್ತಿದಾಗ ನ್ಯುಮೋನಿಯಾ ಎಂದು ನೇರ ಅಲ್ಲಿನ ದೊಡ್ಡಾಸ್ಪತ್ರೆಗೆ ಒಯ್ದವರು ಆಮೇಲೆ ಮಕ್ಕಳ ಆಶ್ರಮದಲ್ಲಿಟ್ಟಿದ್ದರು. ತಾಯಿಯ ಸರದಿ ಬಂದಾಗ ರಿಜಿಸ್ಟರಿನ ಲೆಕ್ಕಕ್ಕೆ ಒಂಬತ್ತು ತುಂಬಿತ್ತು. ಎಂಟು ದಾಟಿದ ಬಸುರಿಯನ್ನು ಹಡಗು ಹತ್ತಿಸುವಂತಿಲ್ಲ. ಹೆತ್ತ ಮೇಲೆ ಬಾ ಎಂದರು.

ಹೆರುವುದೇನನ್ನು?

ಮಂಗಳವಾರ ಬರುವ ಡಾಕ್ಟರಮ್ಮ ಹೊಟ್ಟೆ ಒತ್ತಿ, ಯಂತ್ರ ಇಟ್ಟು ನೋಡಿ ಹೇಳಿದ್ದರು: "ಏನೂ ಇಲ್ಲ ಕಣಮ್ಮ. ನೀನು ಬಂದು ಮುಟ್ಟಿದೀಯ, ನಿನ್ನ ಮೈಗೆ ಮಾತ್ರ ಅದಿನ್ನೂ ಗೊತ್ತಾಗಿಲ್ಲ. ಅದು ಇನ್ನೂ ಓಡ್ತಾನೇ ಇದೆ. ಹೆದರಿ ಓಡೋ ಮೈಯಲ್ಲಿ ಒಂದು ಹಾರ್ಮೋನು ಏರುತ್ತೆ, ಮಿಕ್ಕವನ್ನೆಲ್ಲ ಬಾಯಿ ಮುಚ್ಚಿಸುತ್ತೆ. ಮುಟ್ಟು ನಿಲ್ಲೋದು, ನಿದ್ದೆ ಹೋಗೋದು, ಸುಮ್ಸುಮ್ನೆ ಅಳು ಬರೋದು, ಎಲ್ಲ ಅದರದ್ದೇ ಕಾರುಬಾರು."

"ಔಷಧಿ?"

ಡಾಕ್ಟರಮ್ಮ ಚೀಟಿಯಲ್ಲಿ ಬರೆದುಕೊಟ್ಟರು: ನಿದ್ದೆ, ನೆಮ್ಮದಿ, ಮಗಳು. ಖಾಲಾ ಓದು ಬಾರದವಳು. ನೆಟ್ಟಗೆ ಹೋಗಿ ಅದನ್ನು ಉಗ್ರಾಣದ ಕಿಟಕಿಯಲ್ಲಿ ಕೊಟ್ಟಳು. ಪ್ರೊಕೋಪಿಸ್ ಸಾಹೇಬರು ಪುಸ್ತಕ ತಿರುವಿಹಾಕಿ, "ಮೂರೂ ಸ್ಟಾಕಿಲ್ಲ" ಎಂದರು.

ಬಸುರಿಯಲ್ಲ ಎಂಬ ಡಾಕ್ಟರರ ಕಾಗದಕ್ಕೂ ಅದೇ ಗತಿ. "ಹೊಡೆದುಹಾಕ್ತೀನಿ, ಅದಕ್ಕೇನು? ಬಸುರು ಹೋದ್ರೆ ದುರ್ಬಲರ ಪಟ್ಟೀನೂ ಹೋಯ್ತು. ಹಾಕ್ಲಾ?"

ಬೇಡವೆಂದು ಖಾಲಾ ಹೊಟ್ಟೆ ಹಿಡಿದುಕೊಂಡಳು, ನಿಜಕ್ಕೂ ಒಳಗೇನೋ ಇದ್ದವಳ ಹಾಗೆ.

ಅವಳೊಬ್ಬಳೇ ಅಲ್ಲ. ಏಳನೇ ಡಬ್ಬಿಯಲ್ಲಿ (ನಮ್ಮನ್ನು ಇಟ್ಟಿದ್ದ ತಗಡಿನ ಕೋಣೆಗೆ ಡಬ್ಬಿ ಎನ್ನದೆ ಇನ್ನೇನೆನ್ನಲಿ) ಹನ್ನೊಂದು ಹೆಂಗಸರು, ಹನ್ನೊಂದು ಜನಕ್ಕೂ ನಿಂತಿತ್ತು. ನನಗೂ. ಆದರೂ ತಿಂಗಳಿಗೆ ತಲೆಗೊಂದು ಕಟ್ಟು ಮುಟ್ಟಿನ ಪ್ಯಾಡು ತಪ್ಪದೆ ಬರುತ್ತಿತ್ತು. ಚಳಿಗೆ ಬೂಟಿನೊಳಗೆ ಹಾಕಿದೆವು, ಸೋರುವ ಸೂರಿಗೆ ತುರುಕಿದೆವು, ದಿಂಬು ಮಾಡಿದೆವು. ಇನ್ನೂ ಮಂಚದ ಕೆಳಗೆ ಒಟ್ಟಿತ್ತು.

ಕತ್ತೆಯ ಬೈಗುಳದ ಮಾರನೇ ದಿನ ಆಶ್ರಮದಿಂದ ಫೋನು ಬಂತು. ಶುಗೂಫಾ ಗ್ರೀಕಿನಲ್ಲೇ ಮಾತಾಡಿದಳು. ಖಾಲಾ ಫೋನನ್ನು ನನ್ನತ್ತ ಚಾಚಿದಳು. "ಏನಂತಾಳೆ?"

"ಚೆನ್ನಾಗಿದೀರಾ ಮೇಡಂ, ಅಂತಾಳೆ."

ಖಾಲಾ ಮಂಚದ ಕೆಳಗೆ ಬಗ್ಗಿ ಪ್ಯಾಡಿನ ಕಟ್ಟೊಂದನ್ನು ಎಳೆದಳು. "ಹೆರ್ತೀನಿ ಕಣ್ರೇ. ಈ ಬೋಳಿಮಗನ ಕಿಟಕಿ ಮುಂದೇನೇ ಹೆರ್ತೀನಿ. ಸೂಜಿ ಕೊಡಿ."

ಎರಡು ದಿನ ಹೊಲಿದೆವು. ಕೈ, ಕಾಲು, ಹೊಟ್ಟೆ, ತಲೆ, ಎಲ್ಲ ಪ್ಯಾಡು. ಹಗುರಾಯಿತೆಂದು ಹೊಟ್ಟೆಯೊಳಗೆ ಎರಡು ದೊಡ್ಡ ಡಬ್ಬಿ ಕಾಬೂಲಿ ಕಡಲೆ ಸೇರಿಸಿದೆವು. ಕೂಸು ಅಪ್ಪಟ ನಮ್ಮ ಕಡೆಯದೇ ಆಯಿತು. ಅಳು ನನ್ನ ಪಾಲಿಗೆ ಬಂತು. ಸಿರಿಯಾದ ಕೂಸಿನ ಅಳು, ಕಾಂಗೋ ಕೂಸಿನ ಅಳು, ಪೊಲೀಸರ ಮನೆಯ ಕೂಸಿನ ಅಳು, ಎಲ್ಲ ನನಗೆ ಬಾಯಿಪಾಠ.

ಬೆಳಗಿನ ರೊಟ್ಟಿಯ ಸಾಲಿನಲ್ಲಿ ಖಾಲಾ ಸೊಂಟ ಹಿಡಿದು ಕುಸಿದಳು. ಹತ್ತು ಜನ ಸುತ್ತ ಕಂಬಳಿ ಹಿಡಿದೆವು. ಸಾಹೇಬರು ಕಿಟಕಿಯಿಂದ ಅರ್ಧ ಹೊರಗೆ ಬಂದರು. "ಏಯ್! ಇಲ್ಲಲ್ಲ! ಇದು ರೊಟ್ಟಿ ಕೊಡೋ ಜಾಗ!"

"ನೀವೇ ಹೆರು ಅಂದ್ರಲ್ಲ ಸಾಹೇಬ್ರೆ!" ಎಂದೆ.

ಖಾಲಾ ಮೊದಲು ಸುಳ್ಳುಸುಳ್ಳೇ ಕಿರುಚಿದಳು. ಎರಡನೇ ಕಿರುಚಾಟವೂ ಸುಳ್ಳೇ. ಮೂರನೆಯದು ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ನೆಲ ಕೆರೆಯುತ್ತ, ಬೆಟ್ಟದ ಹೆಸರು, ದೋಣಿಯವನ ಹೆಸರು, ಮಗಳ ಹೆಸರು ಕರೆಯುತ್ತ, ಮೈ ಸೆಟೆದು ಕೂಗಿದಳು. ಸಾಲಿನಲ್ಲಿದ್ದ ಗಂಡಸರು ತಿರುಗಿ ನಿಂತರು. ನನಗೆ ನನ್ನ ಪಾಲೇ ಮರೆತುಹೋಯಿತು.

ಕೂಗು ನಿಂತಿತು. ಬೆವರಿನಿಂದ ತೊಯ್ದ ಮುಖ ನನ್ನತ್ತ ತಿರುಗಿ ಹಲ್ಲು ಕಚ್ಚಿತು. "ಅಳೇ ಮುಂಡೇದೇ! ಕೂಸು ಅಳೋದು ನಿನ್ನ ಪಾಲು!"

ಕಾಂಗೋ ಕೂಸಿನ ಹಾಗೆ ಅತ್ತೆ. ಗಟ್ಟಿ ಕೂಸು.

ಸಾಹೇಬರು ಕಣ್ಣು ಮುಚ್ಚಿಕೊಂಡು ಎದೆಯ ಮೇಲೆ ಶಿಲುಬೆ ಗೀರಿದರು. ರಕ್ತ ಕಂಡರಾಗದವರು, ರೊಟ್ಟಿಗೆ ಕೊಟ್ಟಿದ್ದ, ನಾವು ಕಂಬಳಿಗೆ ಬಳಿದಿದ್ದ ಟೊಮೆಟೊ ಗೊಜ್ಜನ್ನೇ ನೋಡಿ ಬೆವರಿದರು. ಮುಖ ತಿರುಗಿಸಿಕೊಂಡೇ 'ಹೆರಿಗೆಯಾಗಿದೆ' ಎಂದು ಬರೆದು ಮೊಹರು ಕುಟ್ಟಿದರು. "ತೂಕ. ತೂಕ ಬರೀಬೇಕು. ಇಡಿ ಇಲ್ಲಿ."

ಆಲೂಗಡ್ಡೆಯ ತಕ್ಕಡಿಯ ಮೇಲಿಟ್ಟೆವು. ಮೂರು ಕಿಲೋ ಇನ್ನೂರು. ಅಷ್ಟರಲ್ಲಿ ಹೊದಿಕೆ ಜಾರಿತು. ಕೂಸಿನ ಹಣೆಯ ಮೇಲೆ ದಾನದ ಪ್ಯಾಡಿನ ನೀಲಿ ಅಕ್ಷರ: ಮಾರಾಟಕ್ಕಲ್ಲ.

ಸಾಹೇಬರು ಹಣೆ ನೋಡಿದರು. ಮೊಹರು ನೋಡಿದರು. ನನ್ನನ್ನು ನೋಡಿದರು. ನಾನಿನ್ನೂ ಅಳುತ್ತಿದ್ದೆ. ಅಷ್ಟು ಹೊತ್ತಿಗೆ ಗದ್ದಲ ಕೇಳಿದ ಪೊಲೀಸಮ್ಮ ಹಿಂದಿನಿಂದ ಬಂದು "ಏನು ಹುಟ್ಟಿದ್ದು?" ಎಂದಳು. ಹೊಡೆದ ಮೊಹರನ್ನು ತೆಗೆಯಬೇಕಾದರೆ ಅಥೆನ್ಸಿಗೆ ವಿವರಣೆ ಬರೆಯಬೇಕು; ತಾನು ತೂಗಿದ್ದು ಏನನ್ನೆಂದು ಬರೆಯಬೇಕು.

ಸಾಹೇಬರು ಕೂಸಿನ ಹಣೆಯ ಮೇಲೆ ಅಂಗೈ ಮುಚ್ಚಿದರು. "ಗಂಡು," ಎಂದರು.

ಮರುವಾರ ತಾಯಿಗೊಂದು, ಕೂಸಿಗೊಂದು ಎಂದು ಎರಡು ಹಡಗಿನ ಚೀಟಿ ಬಂದವು. ಗೇಟಿನಲ್ಲಿ ಪೊಲೀಸಮ್ಮ ಕೂಸಿನ ಮುಖ ನೋಡಲು ಕೈಚಾಚಿದಾಗ ಸಾಹೇಬರು ಓಡಿಬಂದರು. "ಮುಟ್ಬೇಡ, ಈಗಷ್ಟೇ ನಿದ್ದೆ ಹೋಗಿದೆ." ಸ್ಟಾಕಿಲ್ಲದ ಮಾಲನ್ನು ಅವರು ಕೊಟ್ಟದ್ದು ಅದೊಂದೇ ಸಲ.

ಹಡಗು ಹೊರಟ ಹದಿನೈದನೇ ದಿನ ಫೋನಿನಲ್ಲಿ ಖಾಲಾಳ ದನಿ ಬಂತು. ಮರುದಿನ ಬೆಳಿಗ್ಗೆ ನಾನು ಕಿಟಕಿಯ ಮುಂದೆ ನಿಂತಾಗ ಸಾಹೇಬರು ಅತ್ತಿತ್ತ ನೋಡಿ ಮೆಲ್ಲಗೆ ಕೇಳಿದರು: "ಕೂಸು ಹೇಗಿದೆಯಂತೆ?"

ಖಾಲಾಳ ದನಿಯಲ್ಲೇ ಹೇಳಿದೆ: "ಮೊದಲ್ನೇ ದಿನ ಶುಗೂಫಾ ಹತ್ರಾನೇ ಬರಲಿಲ್ಲ ಮಾಸು. ಮೂರ್ನೇ ದಿನ ಪಕ್ಕ ಬಂದು ಮಲಗಿದ್ಲು. ಹನ್ನೊಂದ್ನೇ ದಿನ ನಂಗೆ ಮುಟ್ಟಾಯ್ತು! ಅಂಗಡಿ ಎಲ್ಲಿ ಅಂತ್ಲೂ ಗೊತ್ತಿಲ್ಲ, ಕೂಸನ್ನೇ ಬಿಚ್ಚಿದೆ. ಎರಡೂ ಕಾಲು ಮುಗೀತು, ಈಗ ಹೊಟ್ಟೆಗೆ ಬಂದಿದೀನಿ. ತಲೆ ಮಾತ್ರ ಶುಗೂಫಾ ಕೊಡ್ತಿಲ್ಲ. ತಮ್ಮ ಅಂತ ಅಪ್ಕೊಂಡು ಮಲಗ್ತಾಳೆ."

ಸಾಹೇಬರ ನಗು ಮೊದಲು ಮೂಗಿನಿಂದ ಬಂತು, ಆಮೇಲೆ ಹೊಟ್ಟೆಯಿಂದ. ಕಾಫಿ ಉರುಳಿತು. ಇಡೀ ಕ್ಯಾಂಪಿನಲ್ಲಿ ಅಷ್ಟು ಜೋರಾಗಿ ಯಾರೂ ನಕ್ಕಿರಲಿಲ್ಲ. ಮೇಜು ಗುದ್ದಿ, ಕಣ್ಣೊರೆಸಿಕೊಂಡು, "ಮುಂದೆ! ಮುಂದೆ ಯಾರು?" ಎಂದರು.

"ನಾನೇ ಸಾಹೇಬ್ರೆ. ಮಾಸುಮಾ. ಐದು ತಿಂಗಳು. ಬರ್ಕೊಳ್ಳಿ."

ಅವರು ನನ್ನ ಹೆಗಲ ಮೇಲಿಂದ ನೋಡಿದರು. ಹಿಂದೆ ಏಳನೇ ಡಬ್ಬಿಯ ಒಂಬತ್ತು ಹೆಂಗಸರು ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಿದ್ದರು. ಯಾರೂ ನಗುತ್ತಿರಲಿಲ್ಲ. ಸಾಹೇಬರ ನಗು ಮಾತ್ರ ನಿಲ್ಲುತ್ತಿಲ್ಲ. ಕೈಯಲ್ಲಿ ಪೆನ್ನಿದೆ, ನಗುವಿಗೆ ಅದು ಅಲುಗಾಡುತ್ತಿದೆ, ಕಾಗದ ಮುಟ್ಟುತ್ತಿಲ್ಲ. ನಾವು ಸಾಲು ಬಿಟ್ಟಿಲ್ಲ.