ಹಳ್ಳದ ಬಾಯಿಯ ಬೋರು

ಫಾಸ್ಟರ್ ಸಿಟಿಯ ಆಫೀಸಿಗೆ ಬಂದ ಭುವನೇಶ್ವರಿ ಚೀಲ ಇಳಿಸುವ ಮೊದಲೇ ಗುರುಕಿರಣನಿಗೆ ಫೋನು ಮಾಡಿದಳು. ಅವನು ನೆವಾಡಾದ ಮರಳುಗಾಡಿನಲ್ಲಿ, ಸಾವಿರಾರು ವರ್ಷಗಳ ಹಿಂದೆಯೇ ಬತ್ತಿದ ಕೆರೆಯೊಂದರ ಅಂಗಳದಲ್ಲಿ, ಬೋರು ಕೊರೆಯುವ ಲಾರಿಯ ಪಕ್ಕ ನಿಂತಿದ್ದ. ಟ್ಯಾಂಕರ್ ನೀರಿನಲ್ಲೇ ದಿನ ದೂಡುತ್ತಿದ್ದ ಅಲ್ಲಿನ ನಲವತ್ತು ಮನೆಗಳಿಗಾಗಿ ಒಂದೇ ಒಂದು ಬೋರಿಗೆ ಅನುಮತಿ ಸಿಕ್ಕಿತ್ತು. ಜಾಗ ಗುರುತಿಸುವ ಕೆಲಸ ಭುವನೇಶ್ವರಿಯದು. ನೀರು ಬಾರದಿದ್ದರೆ ಎರಡನೆಯ ಅವಕಾಶವಿರಲಿಲ್ಲ.

"ಲಾರಿ ಅಲ್ಲಿಂದ ತೆಗೀರಿ," ಎಂದಳು. "ನಡುವೆ ಬೇಡ. ಪಶ್ಚಿಮದ ಅಂಚಿಗೆ ಹೋಗಿ, ಬೆಟ್ಟದಿಂದ ಹಳ್ಳ ಬಂದು ಸೇರ್ತಿತ್ತಲ್ಲ, ಆ ಬಾಯಿಗೆ."

"ಮೇಡಂ, ಮ್ಯಾಪಲ್ಲಿ ಡೀಪೆಸ್ಟ್ ಪಾಯಿಂಟು ಇದೇ. ಶುಕ್ರವಾರ ನೀವೇ ಮಾರ್ಕ್ ಮಾಡಿದ್ದು."

"ಮಾಡಿದ್ದೆ. ತಪ್ಪು ಮಾಡಿದ್ದೆ."

ಅರಸೀಕೆರೆ ಕಡೆಯ ಹಳ್ಳಿಯಲ್ಲಿ ಬೆಳೆದವಳು ಮಾಡಬಾರದ ತಪ್ಪು. ಬೇಸಿಗೆಯಲ್ಲಿ ಊರ ಕೆರೆ ಒಣಗಿದಾಗ ಗಂಡಸರು ನಡುವಿನ ಗೋಡುಮಣ್ಣು ಅಗೆದು ಹೊಲಕ್ಕೆಂದು ಗಾಡಿಗೆ ತುಂಬುತ್ತಿದ್ದರು. ಎದೆಯುದ್ದ ಅಗೆದರೂ ಹನಿ ನೀರು ಒಸರುತ್ತಿರಲಿಲ್ಲ. ಹೆಂಗಸರು ಬಿಂದಿಗೆ ಹಿಡಿದು ಹಳ್ಳ ಸೇರುವ ಕಡೆ ಹೋಗಿ, ಮರಳಿನಲ್ಲಿ ಮೊಳದಷ್ಟು ಒರತೆ ತೋಡಿ, ತಿಳಿನೀರು ಮೊಗೆದು ತರುತ್ತಿದ್ದರು. ನುಣುಪು ಮಣ್ಣು ತೇಲಿಹೋಗಿ ನಡುವೆ ಕೂರುತ್ತದೆ, ಹಿಡಿದ ನೀರನ್ನು ಬಿಟ್ಟುಕೊಡುವುದಿಲ್ಲ. ಮರಳು, ಸಣ್ಣಕಲ್ಲು ಹಳ್ಳದ ಬಾಯಲ್ಲೇ ನಿಂತುಬಿಡುತ್ತವೆ. ಕಂಪ್ಯೂಟರು ತೋರಿಸಿದ ಆಳಕ್ಕೆ ಮರುಳಾಗಿ ಅವಳು ಇದನ್ನು ಮರೆತಿದ್ದಳು. ಭಾನುವಾರ ಹಳೆಯ ದಾಖಲೆಯೊಂದರಲ್ಲಿ, ನೆವಾಡಾದ ಈ ಕೆರೆಯ ನಡುವೆ ಮುನ್ನೂರು ಅಡಿ ಬರೀ ಜೇಡಿ ಮತ್ತು ಉಪ್ಪು ಎಂದು ಓದಿದಾಗಲೇ ನೆನಪಾದದ್ದು.

"ತೆಂಗಿನಕಾಯಿ ಅಂಗೈಲಿಟ್ಕೊಂಡು ಏನಾದ್ರೂ ನೀರು ನೋಡಿದ್ರಾ ಮೇಡಂ?" ಗುರುಕಿರಣ ನಕ್ಕ.

"ಜಯನಗರದವರಿಗೆ ನಲ್ಲಿ ತಿರುಗಿಸಿದ್ರೆ ನೀರು. ನಿಮಗೆಲ್ಲಿ ಗೊತ್ತಾಗ್ಬೇಕು? ಲಾರಿ ಹೊರಡಿಸಿ. ರಿಪೋರ್ಟಲ್ಲಿ ನನ್ನ ಹೆಸರೇ ಇರತ್ತೆ."

ಮೂರನೆಯ ದಿನ ಮಧ್ಯಾಹ್ನ, ಅವಳು ಮೊಸರನ್ನ ಕಲಸುತ್ತಿದ್ದಾಗ ಅವನ ವಿಡಿಯೋ ಕಾಲು ಬಂತು. ಕೊಳವೆಯಿಂದ ಕೆಂಪು ರಾಡಿ ಉಕ್ಕುತ್ತಿತ್ತು.

"ಬಂತು ಮೇಡಂ. ಇನ್ನೂರ ಹತ್ತು ಅಡಿಗೆ."

"ಕಾಣ್ತಿದೆ. ಸಿಹಿಯೋ ಉಪ್ಪೋ, ಅದನ್ನ ಹೇಳಿ."

ರಾಡಿ ತಿಳಿಯಾಗುವವರೆಗೆ ಗುರುಕಿರಣ ಪಂಪು ಓಡಿಸಿದ. ಅವನು ಬಕೆಟ್ಟಿನಲ್ಲಿ ನೀರು ಹಿಡಿದು ಉಪ್ಪಿನಂಶ ಅಳೆಯುವ ಮೀಟರು ಅದ್ದಿದ.

"ಮುನ್ನೂರ ನಲವತ್ತು. ಸಿಹಿನೀರೇ."

"ಪಂಪು ನಿಲ್ಲಿಸಬೇಡಿ, ನಾಳೆವರೆಗೂ ಓಡ್ಲಿ. ಮಟ್ಟ ಎಷ್ಟು ಇಳಿಯತ್ತೆ, ಗಂಟೆಗೊಂದು ಸಲ ಬರ್ಕೊಳ್ಳಿ. ಲ್ಯಾಬಿಂದ ಉತ್ತರ ಬರೋವರೆಗೂ ಯಾರೂ ಕುಡಿಯೋ ಹಾಗಿಲ್ಲ."

ಗುರುಕಿರಣ ತೋಳಿನಿಂದ ಬಾಯಿ ಒರೆಸಿಕೊಂಡ. "ಕುಡಿದಾಯ್ತಲ್ಲ ಮೇಡಂ."