ನೆಂಟರ ಚಪ್ಪಲಿ

ಎಲ್ಮಾಸ್ ಎರಡನೇ ಲೋಟಕ್ಕೂ ಚಹಾ ಬಗ್ಗಿಸಿದಳು. ಮೊದಲು ಕಡುಗೆಂಪು ಡಿಕಾಕ್ಷನ್, ಮೇಲೆ ಬಿಸಿನೀರು, ತಟ್ಟೆಯಂಚಿಗೆ ಸಕ್ಕರೆ ತುಂಡು, ಲೋಟದೊಳಗೆ ಪುಟ್ಟ ಚಮಚ. ತನ್ನದನ್ನು ಎದುರಿಗಿಟ್ಟುಕೊಂಡು ಇನ್ನೊಂದನ್ನು ಸೋಫಾದ ಮುಂದಕ್ಕೆ ಸರಿಸಿದಳು. ಸೋಫಾದ ಮೇಲೆ ಯಾರೂ ಇರಲಿಲ್ಲ. ಅದರ ಬುಡದಲ್ಲಿ ನೆಂಟರಿಗೆಂದು ಇಟ್ಟಿದ್ದ ಕಂದು ಬಣ್ಣದ ಮನೆಚಪ್ಪಲಿಗಳು, ಯಾರೋ ಕಾಲು ತೂರಿಸಿ ಕೂತಂತೆ ಜೋಡಿಯಾಗಿದ್ದವು.

ಆ ಡಚ್ ಊರಿನ ನವೆಂಬರಿನ ಮಂಜು ಕಾಲುವೆಯಿಂದ ಎದ್ದು ಬಂದು ಎದುರು ಸಾಲಿನ ಮನೆಗಳನ್ನೆಲ್ಲ ನುಂಗಿ, ಈಗ ಅವಳ ಕಿಟಕಿಯ ಗಾಜಿಗೆ ಒರಗಿ ನಿಂತಿತ್ತು. ಮಧ್ಯಾಹ್ನವೇ ದೀಪ ಹಾಕಬೇಕಾದಂಥ ಬೆಳಕು. ಅವಳು ಹಾಕಿರಲಿಲ್ಲ.

ಅಣಬೆ ಶೆಡ್ಡಿನ ಕೆಲಸಕ್ಕೆ ಹೋಗುತ್ತಿದ್ದಾಗ ಈ ಹೊತ್ತಿಗೆ ಮನೆ ಹೇಗಿರುತ್ತದೆಂದು ಎಲ್ಮಾಸ್‌ಗೆ ಗೊತ್ತೇ ಇರಲಿಲ್ಲ. ಭುಜ ಕೈಕೊಟ್ಟ ಮೇಲೆ ಗೊತ್ತಾಯಿತು. ಗಂಡ ಇಜ್ಜೆತ್ ಲಾರಿ ತೆಗೆದುಕೊಂಡು ಪೋಲೆಂಡಿನ ಕಡೆ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ, ಬಂದರೆ ನಿದ್ದೆ. ಬೇಸಿಗೆಯ ಕೊನೆಗೆ ಒಂದು ದಿನ ಪಾತ್ರೆ ತೊಳೆಯುತ್ತಿದ್ದಾಗ, ಸತ್ತುಹೋದರೆ ಸಾಕು ಅನ್ನಿಸಿತು. ಆಮೇಲೆ ದಿನಾ ಅನ್ನಿಸತೊಡಗಿತು. ಭುಜ ತೋರಿಸಲು ಹೋದಾಗ ಬಾಯಿತಪ್ಪಿ ಡಾಕ್ಟರಿಗೆ ಹೇಳಿಬಿಟ್ಟಳು. ಊರಲ್ಲಿ ಮನಸ್ಸಿನ ಡಾಕ್ಟರ ಬಾಗಿಲಲ್ಲಿ ಕೂತರೆ ಸಂಜೆಯೊಳಗೆ ಮಸೀದಿಯ ಹೆಂಗಸರಿಗೆಲ್ಲ ಸುದ್ದಿ. ಅದನ್ನು ಬಲ್ಲವನಂತೆ ಆತ, ಮನೆಯಲ್ಲೇ ಕೂತು ಕೇಳಬಹುದಾದ ಪಾಠಗಳನ್ನು ಅವಳ ಫೋನಿಗೆ ಹಾಕಿಸಿಕೊಟ್ಟ. ಡಚ್ ಅಲ್ಲ, ನಮ್ಮದೇ ಭಾಷೆ. ಮಾತಾಡುವ ಹೆಂಗಸಿನ ದನಿಯೂ ನಾವು ಬಿಟ್ಟು ಬಂದ ಯೋಜ್ಗಾತಿನ ಕಡೆಯದು.

"ಆ ಯೋಚನೆ ಬಂದರೆ ಹೆದರಬೇಡಿ, ಜಗಳ ಆಡಬೇಡಿ. ಅದೊಂದು ನೆಂಟ ಇದ್ದ ಹಾಗೆ. ಬರುತ್ತೆ, ಕೂರುತ್ತೆ, ಹೊತ್ತಾದ ಮೇಲೆ ತಾನೇ ಎದ್ದು ಹೋಗುತ್ತೆ."

ನಮ್ಮವರಿಗೆ ಬೇಗ ತಿಳಿಯಲೆಂದೇ ಯಾರೋ ಹುಡುಕಿ ಬರೆದ ಮಾತು. ಎಲ್ಮಾಸ್‌ಗೆ ತಿಳಿಯಿತು, ಬರೆದವರು ಎಣಿಸಿದ್ದಕ್ಕಿಂತ ಹೆಚ್ಚೇ ತಿಳಿಯಿತು. ನಮ್ಮ ಮನೆಗಳಲ್ಲಿ ನೆಂಟ ಏಳುವುದಕ್ಕೆ ಹೊರಟರೆ "ಏನವಸರ, ಇನ್ನೊಂದು ಲೋಟ" ಅನ್ನಬೇಕು. ಬೇಡವಾದವರು ಚಮಚವನ್ನು ಲೋಟದ ಬಾಯಿಗೆ ಅಡ್ಡ ಇಡುತ್ತಾರೆ. ಅಲ್ಲಿಯವರೆಗೆ ಬಗ್ಗಿಸುತ್ತಲೇ ಇರಬೇಕು. ಸೋಫಾದ ಮುಂದಿನ ಚಮಚ ಒಂದು ದಿನವೂ ಅಡ್ಡ ಮಲಗಲಿಲ್ಲ.

ಮೊದಮೊದಲು ಅದು ಬರೀ ಯೋಚನೆಯಾಗಿತ್ತು. ಕೂರಲು ಜಾಗ ಸಿಕ್ಕ ಮೇಲೆ ಅದಕ್ಕೊಂದು ಭಾರ ಬಂತು. ದಿಂಬು ಅದುಮಿಕೊಂಡಿದ್ದು ಮೇಲೇಳುತ್ತಿರಲಿಲ್ಲ. ಒದ್ದೆ ಉಣ್ಣೆಯ ವಾಸನೆ ಬರುತ್ತಿತ್ತು. ಬಂದವಳು ಹೆಂಗಸು ಎಂಬುದು ಎಲ್ಮಾಸ್‌ಗೆ ಹೇಗೋ ಗೊತ್ತಾಗಿತ್ತು. ಬರಿಗಾಲಲ್ಲಿ ಕೂರಿಸುವುದು ಸರಿಯಲ್ಲವೆಂದು ಚಪ್ಪಲಿ ತಂದಿಟ್ಟಳು. ಇಂದು ಆ ನೆಂಟಳು ಮೊದಲ ಸಲ ಬಾಯಿಬಿಟ್ಟಿದ್ದಳು. ಹೊರಡುತ್ತೇನೆ, ಒಬ್ಬಳನ್ನೇ ಬಿಡಬೇಡ, ದಾರಿಯ ತುದಿ ತನಕ ಕಳಿಸಿಕೊಟ್ಟು ಬಾ ಅಂದಿದ್ದಳು. ಕೇಳಿದ ಮೇಲೆ ಇಲ್ಲ ಅನ್ನುವುದು ಹೇಗೆ? ಎಲ್ಮಾಸ್ ಕೋಟು ತಂದು ಕುರ್ಚಿಗೆ ಹಾಕಿದ್ದಳು. ಅಲ್ಲಿಂದ ತಾನು ತಿರುಗಿ ಬರುವುದಿಲ್ಲವೆಂದೂ ಅವಳಿಗೆ ಗೊತ್ತಿತ್ತು.

ಬಾಗಿಲ ಗಂಟೆ ಸದ್ದು ಮಾಡಿತು.

ನಾಜಿಯೆ. ಅಲ್ಲಿ ಎಲ್ಮಾಸಳ ಹಳ್ಳಿಯವಳೇ, ಇಲ್ಲಿ ಪಕ್ಕದ ಬೀದಿಯವಳು. ರೈಲುಹಳಿಯಾಚೆ ಇಬ್ಬರ ತರಕಾರಿ ಪಾತಿಗಳೂ ಅಕ್ಕಪಕ್ಕ. ಕಂಕುಳಲ್ಲಿ ಮಣ್ಣು ಮೆತ್ತಿದ ಸೊಪ್ಪಿನ ಕಟ್ಟು.

"ನಿನ್ನ ಪಾತಿ ನೋಡಿದೀಯೇನೇ? ಕಳೆ ನನ್ನ ಸೊಂಟದ ಎತ್ತರ ಬಂದಿದೆ. ಆ ಡಚ್ ಮುದುಕ ಬೇಲಿ ಹತ್ರ ಬಂದು, ನಿಮ್ಮ ಗೆಳತಿ ಕಾಡು ಬೆಳೆಸ್ತಿದಾಳಾ ಅಂತ ಕೇಳ್ತಾನೆ." ಬೂಟು ಕಳಚಿ ಬಾಗಿಲ ಬಳಿಯ ಗೂಡಿನಲ್ಲಿ ಕೈಯಾಡಿಸಿದಳು. "ನಾನು ಯಾವಾಗ್ಲೂ ಹಾಕ್ಕೊಳ್ಳೋ ಚಪ್ಪಲಿ ಎಲ್ಲೇ?"

"ಅವನ್ನ ಹಾಕ್ಕೊಂಡಿದಾರೆ ಅಕ್ಕ."

ನಾಜಿಯೆ ತಲೆಯೆತ್ತಿ ಕೋಣೆಯೊಳಗೆ ನೋಡಿದಳು. ಎರಡು ಲೋಟ. ಕುರ್ಚಿಯ ಮೇಲೆ ಕೋಟು. ಸೋಫಾದ ಬುಡದಲ್ಲಿ ತನ್ನ ಚಪ್ಪಲಿಗಳು. ಕಾಲುಚೀಲದಲ್ಲೇ ನಡೆದು ಬಂದು, ಸೋಫಾವನ್ನು ಸುತ್ತುಹಾಕಿಕೊಂಡು, ಎಲ್ಮಾಸಳ ಮಗ್ಗುಲಲ್ಲಿ ನೆಲದ ಮೇಲೆ ಕೂತಳು.

"ಯಾರು?"

ಎಲ್ಮಾಸ್ ಸೋಫಾದ ಮುಂದಿನ ಲೋಟದ ಕಡೆ ನೋಡಿದಳು.

"ಎಲ್ಮಾಸ್, ನನ್ನ ಮುಖ ನೋಡು. ಸಾಯ್ಬೇಕು ಅನ್ಸತ್ತಾ ನಿಂಗೆ?"

ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ಎಲ್ಮಾಸ್ ಹೌದೆಂದು ತಲೆಯಾಡಿಸಿದಳು. ಆಮೇಲೆ ಮಾತು ತಾನೇ ಹರಿಯಿತು: ಪಾಠ, ನೆಂಟಳು, ಚಹಾ, ದಾರಿಯ ತುದಿ. "ಮನೆಗೆ ಬಂದೋರನ್ನ ಏಳು ಅನ್ನೋದು ಹೇಗಕ್ಕ? ನಮ್ಮಮ್ಮ ನಂಗದನ್ನ ಕಲಿಸಲಿಲ್ಲ."

"ನಿಮ್ಮಮ್ಮ ಒಳ್ಳೇವಳು. ನಮ್ಮಜ್ಜಿ ಕೆಟ್ಟವಳು, ಅವಳು ನಂಗೆ ಕಲಿಸಿದಾಳೆ." ನಾಜಿಯೆ ಅವಳ ಹತ್ತಿರಕ್ಕೆ ಸರಿದಳು. "ಗೋಧಿ ಕೊಯ್ಲಿಗೆ ಬಂದ ಮಾವ ಒಬ್ಬ, ಹಿಮ ಬಿದ್ರೂ ಹೋಗ್ಲಿಲ್ಲ. ಅಜ್ಜಿ ಅವನ ಬೂಟಿಗೆ ಉಪ್ಪು ಹಾಕಿದ್ಲು. ಅವತ್ತೇ ಹೊರಟ. ಹೋಗ್ತಾ ನಮ್ಮ ಕೋಳೀನೂ ಎತ್ಕೊಂಡು ಹೋದ, ಅದು ಬೇರೆ ಮಾತು."

ಎಲ್ಮಾಸಳ ಗಂಟಲಿನಿಂದ ಸಣ್ಣದೊಂದು ಸದ್ದು ಹೊರಟಿತು. ನಗುವಿರಬೇಕು.

ನಾಜಿಯೆ ಅಡುಗೆಮನೆಯಿಂದ ಉಪ್ಪಿನ ಡಬ್ಬಿ ತಂದಳು. ಸೋಫಾದತ್ತ ಕಣ್ಣೆತ್ತದೆ, ಎರಡೂ ಚಪ್ಪಲಿಗೆ ಒಂದೊಂದು ಹಿಡಿ ಸುರಿದು, ಮೂತಿಯನ್ನು ಬಾಗಿಲ ಕಡೆ ತಿರುಗಿಸಿಟ್ಟಳು. "ನೀನು ಯಾರೇ ಆಗಿರು," ಖಾಲಿ ದಿಂಬಿಗೆ ಹೇಳಿದಳು, "ಹೊರಡು. ಇವಳು ಕಳಿಸೋಕೆ ಬರಲ್ಲ. ಇವಳ ಜೊತೆ ನಾನಿದೀನಿ."

ಆಮೇಲೆ ಎಲ್ಮಾಸಳ ಫೋನು ಎತ್ತಿಕೊಂಡಳು. ಪ್ರತಿ ಪಾಠದ ಅಡಿಯಲ್ಲೂ ಒಂದು ಕೆಂಪು ಗುಂಡಿಯಿತ್ತು: ಈಗಲೇ ಒಬ್ಬರೊಡನೆ ಮಾತಾಡಿ.

"ಇದನ್ಯಾಕೆ ಒತ್ತಲಿಲ್ಲ?"

"ಊಟದ ಹೊತ್ತಲ್ಲಿ ಜನಕ್ಕೆ ತೊಂದರೆ ಯಾಕೆ ಅಂತ."

"ಸಾಯೋಕೆ ಹೊರಟವಳು ಜನರ ಊಟದ ಚಿಂತೆ ಮಾಡ್ತಾಳೆ ನೋಡು!" ನಾಜಿಯೆ ಗುಂಡಿ ಒತ್ತಿ ಫೋನನ್ನು ಅವಳ ಕೈಗಿಟ್ಟಳು. "ಹೇಳು. ನನಗೆ ಹೇಳಿದ ಹಾಗೇ ಹೇಳು." ಆ ಕಡೆಯಿಂದ ಹೆಂಗಸೊಬ್ಬಳು ನಮ್ಮ ಭಾಷೆಯಲ್ಲೇ, ಹೇಳಿ, ಕೇಳ್ತಾ ಇದೀನಿ ಅಂದಳು. ಆ ಹೆಂಗಸೇ ಡಾಕ್ಟರಿಗೂ ಫೋನು ಮಾಡಿದಳು. ಗೆಳತಿಯರಿಬ್ಬರೂ ಒಂದೇ ಕೊಡೆಯಡಿ, ತೋಳಿಗೆ ತೋಳು ಸೇರಿಸಿ, ಹನಿಯುವ ಮಂಜಿನಲ್ಲಿ ಡಾಕ್ಟರ ಬಳಿಗೆ ನಡೆದರು. ಕಾಲುವೆಯ ದಾರಿ ಬಿಟ್ಟು ಅಂಗಡಿ ಬೀದಿಯಿಂದ ಹೋದರು.

ಹಿಂದಿರುಗಿದಾಗ ಸಂಜೆಯಾಗಿತ್ತು. ಅದು ಮತ್ತೆ ಬರಬಹುದು, ಬಂದರೆ ಒಬ್ಬಳೇ ಇರಬೇಡ ಎಂದು ಡಾಕ್ಟರ್ ಹೇಳಿದ್ದ.

"ಬರಲಿ," ನಾಜಿಯೆ ದೀಪ ಹಾಕುತ್ತ ಅಂದಳು, "ಉಪ್ಪು ಬೇಕಾದಷ್ಟಿದೆ. ನಾನೂ ಇವತ್ತು ಇಲ್ಲೇ."

ಎಲ್ಮಾಸ್ ಬಗ್ಗಿ ಚಪ್ಪಲಿ ಎತ್ತಿದಳು. ಎಡಗಾಲಿನದರಲ್ಲಿ ಉಪ್ಪು ಸುರಿದ ಹಾಗೇ ಗುಪ್ಪೆಯಾಗಿತ್ತು. ಬಲಗಾಲಿನದರಲ್ಲಿ ಒದ್ದೆಯಾಗಿ, ಹಿಮ್ಮಡಿ ಊರಿದಷ್ಟು ತಗ್ಗಾಗಿತ್ತು. ಇಬ್ಬರೂ ಅದನ್ನು ನೋಡಿದರು. ಎಲ್ಮಾಸ್ ಉಪ್ಪನ್ನು ಸಿಂಕಿಗೆ ಕೊಡವಿ, ಒರೆಸಿ, ಚಪ್ಪಲಿಗಳನ್ನು ನಾಜಿಯೆಯ ಕಾಲಿನ ಮುಂದಿಟ್ಟಳು. ನಾಜಿಯೆ ಒಂದು ಗಳಿಗೆ ತಡೆದು, ಕಾಲು ತೂರಿಸಿದಳು.

ಚಹಾ ಆಯಿತು. ಮತ್ತೆ ಬಗ್ಗಿಸಿದ್ದೂ ಆಯಿತು. ಸೊಪ್ಪು ಒಲೆಯ ಮೇಲೆ ಬೇಯುತ್ತಿತ್ತು. ಎಲ್ಮಾಸ್ ಕೆಟಲ್ ಹಿಡಿದು ಬಂದು ನಾಜಿಯೆಯ ಖಾಲಿ ಲೋಟವನ್ನು ನೋಡಿದಳು. ಚಮಚ ಇನ್ನೂ ಒಳಗೇ ಇತ್ತು.